ಇದು ರಫಿ ಅಲ್ಲವಂತೆ. ಹಾಗಾದ್ರೆ ನಮ್ಮ ಮನೆಯಲ್ಲಿ ಇಷ್ಟು ವರ್ಷ ಹಾಡಿದ್ದು ಯಾರು?

ಗಿರಣಿಚಾಳ_ಹುಡುಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇಲ್ಲಿ ಬಹಳ ದಿನದಿಂದ ಸುಮ್ನೆ ಓದಿಕೊಂಡು ಹೋಗುತ್ತಿದ್ದವನು ನಾನು. ಇವತ್ತು ಕೇಳಲೇಬೇಕು ಅನ್ನಿಸುವ ಒಂದು ವಿಷಯ ಬಂದಿದೆ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಮ್ಮಪ್ಪ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪ್‌ನಲ್ಲಿ ಫಿಟ್ಟರ್ ಆಗಿದ್ದರು. 1991ರ ದಸರಾ ಬೋನಸ್ ಬಂದ ದಿನ ಒಂದು ಟೂ-ಇನ್-ಒನ್, ಅಂದ್ರೆ ರೇಡಿಯೋ, ಟೇಪ್ ರೆಕಾರ್ಡರ್ ಎರಡೂ ಇರುವ ಪೆಟ್ಟಿಗೆ, ಹೊತ್ತುಕೊಂಡು ಬಂದರು. ಜೊತೆಗೆ ಒಂದೇ ಒಂದು ಕ್ಯಾಸೆಟ್. ಮೊಹಮ್ಮದ್ ರಫಿ ಹಾಡುಗಳು. ನಮ್ಮಪ್ಪನಿಗೆ ರಫಿ ಅಂದ್ರೆ ದೇವರು. ಅಲ್ಲಿಯವರೆಗೆ ಪಕ್ಕದ ಮನೆಯ ರೇಡಿಯೋದಲ್ಲಿ ವಿವಿಧ ಭಾರತಿ ಬಂದಾಗ ಕಟ್ಟೆ ಮೇಲೆ ಕೂತು ಕೇಳುತ್ತಿದ್ದವರು. ಈಗ ಬೇಕಾದಾಗ ರಫಿ. ಎರಡು ವರ್ಷ ನಮ್ಮ ಮನೆಯಲ್ಲಿ ಬೇರೆ ಕ್ಯಾಸೆಟ್ಟೇ ಇರಲಿಲ್ಲ. ಬೆಳಿಗ್ಗೆ ಎ ಸೈಡ್, ರಾತ್ರಿ ಊಟ ಆದಮೇಲೆ ಬಿ ಸೈಡ್.

ಎ ಸೈಡಿನ ಮೊದಲ ಹಾಡು ‘ತೇರೇ ಮೇರೇ ಸಪ್ನೆ’. 1965ರ ‘ಗೈಡ್’ ಸಿನಿಮಾದ್ದು, ಎಸ್.ಡಿ. ಬರ್ಮನ್ ಸಂಗೀತ. ಅದು ಅವ್ವನ ಹಾಡು. ಅವ್ವನಿಗೆ ಹಿಂದಿ ಒಂದಕ್ಷರ ಬರುವುದಿಲ್ಲ, ಆದರೆ ರೊಟ್ಟಿ ಬಡಿಯುವಾಗ ಇಡೀ ಹಾಡು ಹೇಳುತ್ತಿದ್ದಳು. ಒಂದು ಸಲ ಟೇಪು ಒಳಗೆ ಸಿಕ್ಕಿಹಾಕಿಕೊಂಡು ಸುಕ್ಕಾಯಿತು. ಅಪ್ಪ ಬ್ಲೇಡಿನಿಂದ ಆ ತುಂಡು ಕತ್ತರಿಸಿ ಸೆಲೊ ಟೇಪ್ ಅಂಟಿಸಿದರು. ಎರಡನೇ ಚರಣದಲ್ಲಿ ಒಂದು ಸಾಲಿನ ಅರ್ಧ ಹಾರಿಹೋಯಿತು. ಅವತ್ತಿನಿಂದ ಅವ್ವನೂ ಆ ಅರ್ಧ ಸಾಲು ಬಿಟ್ಟೇ ಹಾಡುತ್ತಾಳೆ. ಇವತ್ತಿಗೂ.

ಅಪ್ಪ ಹೋಗಿ ಆರು ವರ್ಷ ಆಯಿತು. ಟೂ-ಇನ್-ಒನ್ ಅಟ್ಟದ ಮೇಲಿದೆ, ನಡೆಯುವುದಿಲ್ಲ. ಹೋದ ತಿಂಗಳು ಅವ್ವನ ಹುಟ್ಟುಹಬ್ಬಕ್ಕೆ ಒಂದು ಕಾರವಾನ್ ತಂದೆ, 5000 ಹಳೇ ಹಾಡು ತುಂಬಿಕೊಂಡು ಬರುತ್ತದಲ್ಲ, ಅದು. ಹುಡುಕಿ ಹುಡುಕಿ ‘ತೇರೇ ಮೇರೇ ಸಪ್ನೆ’ ಹಚ್ಚಿದೆ. ಅವ್ವನ ಮುಖ ನೋಡಬೇಕು ಅಂತ ಎದುರಿಗೇ ಕೂತಿದ್ದೆ.

ಅರ್ಧ ನಿಮಿಷ ಕೇಳಿದಳು. ಆಮೇಲೆ, “ಇದು ನಮ್ಮ ಹಾಡ ಅಲ್ಲ ಬಿಡೋ” ಅಂದಳು.

“ಅದಽ ಹಾಡಬೇ ಇದು, ರಫೀನಽ ಹಾಡ್ಯಾನ” ಅಂದೆ.

“ನಡುವ ಅಂವ ಯಾರು ಪೀಪಿ ಊದಾಕತ್ತಾನ? ನಮ್ಮದರಾಗ ಪೀಪಿ ಎಲ್ಲಿತ್ತು?”

ಪೀಪಿ ಅಂದದ್ದು ಸ್ಯಾಕ್ಸೊಫೋನಿಗೆ. ಅದನ್ನು ನುಡಿಸಿದ್ದು ಮನೋಹಾರಿ ಸಿಂಗ್. ಆ ತುಣುಕಿಗೆ ಜೀವ ಬಿಡುವ ಜನ ಇದ್ದಾರೆ. ನಮ್ಮವ್ವನಿಗೆ ಅದು ಪೀಪಿ.

ನನಗೂ ಅನುಮಾನ ಬಂತು. ಅಟ್ಟ ಹತ್ತಿ ಕ್ಯಾಸೆಟ್ ಹುಡುಕಿದೆ. ಸಿಕ್ಕಿತು. ಡಬ್ಬಿ ಇಲ್ಲ, ಕಾರ್ಡ್ ಇಲ್ಲ, ಮೇಲಿನ ಚೀಟಿ ಅಳಿಸಿಹೋಗಿದೆ. ಹಿಂದಿಯ ‘ಯಾ’ ಅನ್ನೋ ಒಂದು ಅಕ್ಷರ ಮಾತ್ರ ಕಾಣುತ್ತದೆ. ಗೆಳೆಯನ ಹಳೇ ವಾಕ್‌ಮನ್‌ನಲ್ಲಿ ಹಾಕಿದರೆ ದನಿ ಮಣ್ಣಿನೊಳಗಿಂದ ಬಂದಹಾಗೆ ಬರುತ್ತದೆ. ಆದರೂ ಗೊತ್ತಾಯಿತು. ಸ್ಯಾಕ್ಸೊಫೋನ್ ಜಾಗದಲ್ಲಿ ಕೀಬೋರ್ಡಿನ ಕೊಳಲು. ತಬಲಾ ಹಿಂದೆ ಆಕ್ಟೋಪ್ಯಾಡ್ ಅನ್ನೋ ಎಲೆಕ್ಟ್ರಾನಿಕ್ ಡ್ರಮ್ಮಿನ ಟಪ್ ಟಪ್. ಹಾಡಿದವನು ರಫಿ ಅಲ್ಲ. ರಫಿಯ ಹಾಗೆ ಹಾಡುವ ಯಾರೋ.

ಅಪ್ಪನಿಗೆ ಇದು ಗೊತ್ತಿತ್ತಾ? ಗೊತ್ತಿಲ್ಲ ನನಗೆ. ಅಂಗಡಿಯವನು ರಫಿ ಅಂತಲೇ ಕೊಟ್ಟನೋ, ಅಪ್ಪ ಕಮ್ಮಿ ರೇಟಿನದು ಸಾಕು ಅಂತ ತಂದರೋ.

ಕೇಳುವುದು ಇಷ್ಟೇ. ಒಂದು, ಇಂಥ ಕ್ಯಾಸೆಟ್‌ಗಳು ಯಾಕೆ ಬಂದವು, ಯಾರು ಹಾಡುತ್ತಿದ್ದರು? ಎರಡು, ನಮ್ಮದನ್ನು ಹಾಡಿದವರು ಯಾರು ಅಂತ ಪತ್ತೆ ಹಚ್ಚಬಹುದಾ? ಮೂರು, ರಫಿ ನೆನಪಿಗೆ ಅಂತ ಮಾಡಿದ ಆಲ್ಬಂಗಳಲ್ಲಿ ನಿಜವಾಗಲೂ ಕೇಳುವಂಥದ್ದು ಯಾವುದು?


ಮಂದ್ರಸಪ್ತಕ ಬರೆದದ್ದು:

ಒರಿಜಿನಲ್ ಕೈಗೆ ಸಿಗುತ್ತಿರುವಾಗ ನಕಲು ಹುಡುಕುವುದು ಯಾಕೆ ಅಂತ ಅರ್ಥ ಆಗಲಿಲ್ಲ. ಇಂಥ ಕ್ಯಾಸೆಟ್‌ಗಳಿಂದಲೇ ಒಂದು ತಲೆಮಾರಿನ ಕಿವಿ ಕೆಟ್ಟಿತು. ತಾಯಿಯವರಿಗೆ ಹದಿನೈದು ದಿನ ಒರಿಜಿನಲ್ಲೇ ಕೇಳಿಸಿ, ಸರಿಹೋಗುತ್ತದೆ. ಮನೋಹಾರಿ ಸಿಂಗ್ ಅವರನ್ನು ಪೀಪಿ ಅಂದದ್ದು ಓದಿ ಅವತ್ತಿನ ಕಾಫಿ ಸೇರಲಿಲ್ಲ.


ಹಳೇ_ಕೌಂಟರ್ ಬರೆದದ್ದು:

ಮಂದ್ರಸಪ್ತಕ ಸರ್, ಇನ್ನೊಂದು ಕಾಫಿ ಕುಡೀರಿ. ಹುಡುಗ ಕೇಳಿದ್ದಕ್ಕೆ ನಾನು ಉತ್ತರ ಹೇಳ್ತೀನಿ. ಯಾಕಂದ್ರೆ ಇಂಥ ಕ್ಯಾಸೆಟ್ ಸಾವಿರಗಟ್ಟಲೆ ಮಾರಿದವನು ನಾನು. ದಾವಣಗೆರೆಯಲ್ಲಿ ಹದಿನೆಂಟು ವರ್ಷ ಕ್ಯಾಸೆಟ್ ಅಂಗಡಿ ಇಟ್ಟಿದ್ದೆ. ಈಗ ಅದೇ ಮಳಿಗೆಯಲ್ಲಿ ಮಗ ಮೊಬೈಲ್ ರಿಪೇರಿ ಮಾಡ್ತಾನೆ.

ಮೊದಲು ಯಾಕೆ ಬಂದವು ಅನ್ನೋದು. ಹಳೇ ಹಿಂದಿ ಹಾಡುಗಳ ರೆಕಾರ್ಡು ಹೆಚ್ಚುಪಾಲು ಎಚ್‌ಎಂವಿ ಅನ್ನೋ ರೆಕಾರ್ಡ್ ಕಂಪನಿ ಕೈಯಲ್ಲಿತ್ತು. ಕ್ಯಾಸೆಟ್ ಕಾಲ ಬಂದು ಹಳ್ಳಿ ಹಳ್ಳಿಗೆ ಟೇಪ್ ರೆಕಾರ್ಡರ್ ಹೋಯ್ತು. ಜನಕ್ಕೆ ಹಾಡು ಬೇಕು. ಆದರೆ ಒರಿಜಿನಲ್ ಕ್ಯಾಸೆಟ್ಟಿನ ರೇಟು ಜಾಸ್ತಿ. ಆರ್ಡರ್ ಹಾಕಿದರೂ ಕೇಳಿದ ಮಾಲು ಬರೋದಿಲ್ಲ. ಆಗ ದೆಹಲಿಯ ಗುಲ್ಶನ್ ಕುಮಾರ್ ಬಂದರು. ದರಿಯಾಗಂಜ್‌ನಲ್ಲಿ ಅವರ ಅಪ್ಪನದು ಹಣ್ಣಿನ ಜ್ಯೂಸ್ ಅಂಗಡಿ. ಅಲ್ಲಿಂದ ಎದ್ದು ಟಿ-ಸೀರೀಸ್ ಕ್ಯಾಸೆಟ್ ಕಂಪನಿ ಕಟ್ಟಿದ ಮನುಷ್ಯ. ಎಚ್‌ಎಂವಿ ಹತ್ತಿರ ಇರೋ ರೆಕಾರ್ಡನ್ನು ಕಾಪಿ ಮಾಡಿದರೆ ಅದು ಕಳ್ಳ ಮಾಲು. ಆದರೆ ಅದೇ ಹಾಡನ್ನು ಬೇರೆ ಗಾಯಕರಿಂದ, ಬೇರೆ ವಾದ್ಯದವರಿಂದ ಹೊಸದಾಗಿ ಹಾಡಿಸಿದರೆ? ಅದಕ್ಕೆ ಕಾನೂನಿನಲ್ಲೇ ದಾರಿ ಇತ್ತು. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್. ಹಾಡಿನ ಹಕ್ಕುದಾರರಿಗೆ ನೋಟಿಸ್ ಕೊಡು, ರಾಯಲ್ಟಿ ಕಟ್ಟು, ಹೊಸದಾಗಿ ರೆಕಾರ್ಡ್ ಮಾಡು. ನಮ್ಮ ಕ್ಯಾಸೆಟ್ ವ್ಯಾಪಾರದವರು ಇದಕ್ಕೆ ‘ವರ್ಷನ್’ ಅಂತಿದ್ದೆವು. “ಈ ಸಲ ವರ್ಷನ್ ಎಷ್ಟು ಡಬ್ಬಿ ಹಾಕಲಿ?” ಅಂತ ಡಿಸ್ಟ್ರಿಬ್ಯೂಟರ್ ಕೇಳೋನು.

ಒಂದು ವಿಷಯ ಯಾರೂ ಗಮನಿಸೋದಿಲ್ಲ. ಆ ಕಾನೂನಿನಲ್ಲಿ ಹಾಡನ್ನು ಮನಸ್ಸಿಗೆ ಬಂದಂಗೆ ಬದಲಾಯಿಸೋ ಹಾಗಿರಲಿಲ್ಲ. ಸಾಹಿತ್ಯ, ರಾಗ ಹಾಗೇ ಇರಬೇಕು. ಅದಕ್ಕೇ ನಮ್ಮಲ್ಲಿ ನೆನಪಿನ ಆಲ್ಬಂ ಅಂದ್ರೆ ಒರಿಜಿನಲ್ಲಿನ ಅಚ್ಚೊತ್ತಿದ ಪ್ರತಿ. ಕೊಳ್ಳೋರಿಗೆ ಬೇಕಾಗಿದ್ದೂ ಅದೇ ಅನ್ನಿ. ರಫಿ ಹಾಡನ್ನು ನಿನ್ನ ಥರ ಹಾಡು ಅಂತ ಯಾರೂ ಕೇಳ್ತಿರಲಿಲ್ಲ. ರಫಿ ಥರಾನೇ ಹಾಡು, ಹದಿನೆಂಟು ರೂಪಾಯಿಗೆ ಹಾಡು, ಅಷ್ಟೇ.

ಹಾಡಿದವರು ಕಮ್ಮಿ ಜನ ಏನಲ್ಲ. ಕಿಶೋರ್ ಹಾಡುಗಳನ್ನು ಕುಮಾರ್ ಸಾನು ಹಾಡಿದರು. ಮುಕೇಶ್ ಹಾಡುಗಳನ್ನು ಬಬ್ಲಾ ಮೆಹ್ತಾ. ರಫಿ ಹಾಡುಗಳನ್ನು ಹಾಡಿದ ಒಬ್ಬ ಹುಡುಗನ ಹೆಸರು ಸೋನು ನಿಗಮ್. ‘ರಫಿ ಕೀ ಯಾದೇಂ’ ಅಂತ ಆ ಸರಣಿ. ನಿಮ್ಮ ಚೀಟಿ ಮೇಲೆ ‘ಯಾ’ ಉಳಿದಿದೆ ಅಂದ್ರಲ್ಲ, ‘ಯಾದೇಂ’ ಇರಬಹುದು. ಆದರೆ ಇದನ್ನೇ ನಂಬಬೇಡಿ. ಆ ಹೆಸರು ಓಡ್ತು ಅಂತ ಆಮೇಲೆ ಎಲ್ಲರೂ ‘ಯಾದೇಂ’ ಅಂತಲೇ ಇಟ್ಟರು. ಹೆಸರೇ ಇಲ್ಲದ ಕಂಪನಿಗಳೂ ಇದ್ದವು. ಹೋದ ತಿಂಗಳು ಬಂದ ಸೇಲ್ಸ್‌ಮನ್ ಈ ತಿಂಗಳು ಇರ್ತಿರಲಿಲ್ಲ, ಕಂಪನಿಯೂ ಇರ್ತಿರಲಿಲ್ಲ. ಅಂಥ ಒಂದು ಕಂಪನಿಯ ಇನ್‌ಲೇ ಕಾರ್ಡ್, ಡಬ್ಬಿಯೊಳಗೆ ಮಡಚಿ ಇಡೋ ಕಾಗದ, ನನ್ನ ಹತ್ತಿರ ಇನ್ನೂ ಇದೆ. ಮುಂದೆ ರಫಿ ಸಾಹೇಬರ ನಗುಮುಖ, ಕಾರ್ಡಿನ ಅಗಲದಷ್ಟು. ಹಾಡಿದವನ ಹೆಸರು ಒಳಗಡೆ ಮಡಿಕೆಯಲ್ಲಿ, ಬೆಲೆಗಿಂತ ಸಣ್ಣ ಅಕ್ಷರದಲ್ಲಿ. ಭೂತಗನ್ನಡಿ ಬೇಕು ಓದೋಕೆ.

ಈಗ ಹಾಗೆ ಮಾಡೋಕೆ ಆಗಲ್ಲ. 2012ರಲ್ಲಿ ಕಾಯ್ದೆ ತಿದ್ದಿ 31ಸಿ ಅಂತ ಹೊಸ ಸೆಕ್ಷನ್ ತಂದರು. ಮೊದಲ ರೆಕಾರ್ಡ್ ಬಂದ ವರ್ಷ ಮುಗಿದು ಐದು ವರ್ಷ ಕಾಯಬೇಕು. ವರ್ಷಕ್ಕೆ ಕಮ್ಮಿ ಅಂದ್ರೂ 50,000 ಪ್ರತಿಯ ರಾಯಲ್ಟಿ ಕಟ್ಟಬೇಕು. ಕವರ್ ವರ್ಷನ್ ಅಂತ ಮೇಲೆ ಬರೆಯಬೇಕು, ಹಳೇ ಗಾಯಕರ ಹೆಸರೂ ಫೋಟೋನೂ ಹಾಕಕೂಡದು. ಆ ಹೊತ್ತಿಗೆ ಕ್ಯಾಸೆಟ್ಟೇ ಸತ್ತಿತ್ತು. ಕಳ್ಳ ಊರು ಬಿಟ್ಟ ಮೇಲೆ ಬೀಗ ಜಡಿದಂಗಾಯ್ತು.

ಇನ್ನೊಂದು ತಮಾಷೆ. ಈ ಮಾರಾಟದಿಂದ ರಫಿ ಮನೆಯವರಿಗೆ ಕಾಸು ಬರ್ತಿರಲಿಲ್ಲ. ರಾಯಲ್ಟಿ ಹೋಗ್ತಿದ್ದುದು ಸಾಹಿತ್ಯ, ಸಂಗೀತದ ಹಕ್ಕು ಯಾರದ್ದೋ ಅವರಿಗೆ. ಅರವತ್ತರ ದಶಕದಲ್ಲಿ ಲತಾ ಮಂಗೇಶ್ಕರ್ ಗಾಯಕರಿಗೂ ರಾಯಲ್ಟಿ ಬೇಕು ಅಂತ ಪಟ್ಟು ಹಿಡಿದಾಗ, ಹಾಡಿ ದುಡ್ಡು ತಗೊಂಡ ಮೇಲೆ ನಮ್ಮ ಲೆಕ್ಕ ಮುಗೀತು ಅಂದವರು ಇದೇ ರಫಿ. ಅದೇ ಜಗಳಕ್ಕೆ ಇಬ್ಬರೂ ಕೆಲವು ವರ್ಷ ಜೊತೆಗೆ ಹಾಡಲಿಲ್ಲ.

ನಿಮ್ಮಪ್ಪನಿಗೆ ಗೊತ್ತಿತ್ತಾ ಅಂತ ಕೇಳಿದ್ರಿ. ನನ್ನ ಕೌಂಟರಿನಲ್ಲಿ ಆಗ್ತಿದ್ದುದು ಹೇಳ್ತೀನಿ. “ರಫಿದು ಕೊಡ್ರಿ” ಅಂತ ಬರೋರು. ಎರಡೂ ಮುಂದಿಡ್ತಿದ್ದೆ. ಇದು ಒರಿಜಿನಲ್ಲು, ಇದು ವರ್ಷನ್ನು ಅಂತ ಹೇಳ್ತಿದ್ದೆ. ಹತ್ತರಲ್ಲಿ ಏಳು ಜನ ಎರಡನ್ನೂ ಹಾಕಿಸಿ ಕೇಳೋರು. ಕೇಳಿ ವರ್ಷನ್ನೇ ತಗೊಳೋರು. ರೇಟಿಗೆ ಮಾತ್ರ ಅಲ್ಲ. ಒರಿಜಿನಲ್ಲಿನಲ್ಲಿ ಹಳೇ ರೆಕಾರ್ಡಿನ ಸುರ್ರ್ ಅನ್ನೋ ಸದ್ದು, ಮೋನೋ. ಇದರಲ್ಲಿ ಎರಡೂ ಸ್ಪೀಕರಿನಿಂದ ಬೇರೆ ಬೇರೆ ಸದ್ದು ಬರೋದು. ಹೊಸ ಟೂ-ಇನ್-ಒನ್ ಕೊಂಡವನಿಗೆ ಎರಡೂ ಸ್ಪೀಕರ್ ಕೆಲಸ ಮಾಡಬೇಕಲ್ವಾ? ದುಡ್ಡು ಕೊಟ್ಟಿದ್ದಾನೆ ಪಾಪ.

ನಿಮ್ಮ ಕ್ಯಾಸೆಟ್ಟಿನ ಹಾಡುಗಳ ಪಟ್ಟಿ ಅದೇ ಕ್ರಮದಲ್ಲಿ ಹಾಕಿ. ಮೂಲೆಗೆ ಐದು ಸ್ಕ್ರೂ ಇದೆಯೋ, ಅಂಟಿಸಿದ್ದೋ ಅಂತಲೂ ಹೇಳಿ.


ಗಿರಣಿಚಾಳ_ಹುಡುಗ ಬರೆದದ್ದು:

ಹಳೇ ಕೌಂಟರ್ ಸರ್, ನಿಮ್ಮ ಕೊನೆಯ ಮಾತು ಓದಿ ನಕ್ಕೆ. ಅಪ್ಪ ತಲೆಯನ್ನು ಎರಡೂ ಸ್ಪೀಕರಿನ ನಡುವೆ ಇಟ್ಟು, ಒಂದು ಸಲ ಈ ಕಡೆ, ಒಂದು ಸಲ ಆ ಕಡೆ ಕಿವಿ ಕೊಡುತ್ತಿದ್ದರು. ಹಾಗಾದ್ರೆ ಗೊತ್ತಿದ್ದೇ ತಂದಿರಬೇಕು.

ಎ ಸೈಡ್: ತೇರೇ ಮೇರೇ ಸಪ್ನೆ, ಚೌದ್‌ವೀ ಕಾ ಚಾಂದ್, ಖೋಯಾ ಖೋಯಾ ಚಾಂದ್, ಬಹಾರೋಂ ಫೂಲ್ ಬರ್‌ಸಾವೋ. ಬಿ ಸೈಡ್: ಓ ದುನಿಯಾ ಕೇ ರಖ್‌ವಾಲೇ, ದಿನ್ ಢಲ್ ಜಾಯೇ, ಯೇ ರೇಶ್ಮೀ ಝುಲ್ಫೇಂ, ಸುಹಾನೀ ರಾತ್. ಐದು ಸ್ಕ್ರೂ ಇದೆ.

ಸೋನು ನಿಗಮ್ ಹಾಡಿದ್ದು ನೆಟ್‌ನಲ್ಲಿ ಸಿಕ್ಕಿತು, ಕೇಳಿದೆ. ಅವರಲ್ಲ. ನಮ್ಮವನ ದನಿ ಸ್ವಲ್ಪ ಮೂಗಿನದು.

ಮಂದ್ರಸಪ್ತಕ ಸರ್, ಅವ್ವನಿಗೆ ಎಪ್ಪತ್ತೊಂದು. ಹದಿನೈದು ದಿನ ಕೇಳಿಸಿ ಸರಿ ಮಾಡುವ ವಯಸ್ಸಲ್ಲ.


ಬ್ಯಾಂಡ್_ಮೈಸೂರು ಬರೆದದ್ದು:

ಮೂರನೇ ಪ್ರಶ್ನೆಗೆ ನಾನು. ಇಪ್ಪತ್ತೆರಡು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಹಾಡ್ತಿದ್ದೀನಿ. ಗಣಪತಿ ಪೆಂಡಾಲ್, ಮದುವೆ ರಿಸೆಪ್ಶನ್, ಜುಲೈ 31 ಬಂದ್ರೆ ರಫಿ ನೈಟ್. ಬ್ಯಾನರಿನಲ್ಲಿ ನನ್ನ ಹೆಸರಿನ ಮೇಲೆ ‘ವಾಯ್ಸ್ ಆಫ್ ರಫಿ’ ಅಂತ ಹಾಕ್ತಾರೆ. ಹಾಕಬೇಡಿ ಅಂದ್ರೂ ಕೇಳಲ್ಲ. ಅದು ಇಲ್ಲದಿದ್ರೆ ಬುಕಿಂಗೇ ಬರಲ್ಲ ಅಂತ ನಮ್ಮ ಮ್ಯಾನೇಜರ್ ಹೇಳ್ತಾನೆ.

ರಫಿ ಸಾಹೇಬರು ತೀರಿಕೊಂಡದ್ದು 1980ರ ಜುಲೈ 31. ಆಮೇಲೆ ಅವರ ಜಾಗಕ್ಕೆ ಶಬ್ಬೀರ್ ಕುಮಾರ್, ಮೊಹಮ್ಮದ್ ಅಜೀಜ್, ಅನ್ವರ್ ಹೀಗೆ ಎಷ್ಟೋ ಜನ ಬಂದರು. 1990ರ ‘ಕ್ರೋಧ್’ ಸಿನಿಮಾದಲ್ಲಿ ರಫಿ ನೆನಪಾಗುತ್ತಾರೆ ಅನ್ನೋ ಹಾಡೇ ಇದೆ, ಅದನ್ನು ಹಾಡಿದ್ದು ಅಜೀಜ್. ಅದನ್ನು ಪ್ರತಿ ವರ್ಷ ಹಾಡ್ತೀನಿ, ಪ್ರತಿ ವರ್ಷ ಮುಂದಿನ ಸಾಲಿನಲ್ಲಿ ಯಾರಾದರೂ ಕರ್ಚೀಫ್ ತೆಗೀತಾರೆ.

ನನ್ನ ಪ್ರಕಾರ ರಫಿ ನಕಲು ಕಷ್ಟ ಆಗೋದು ಮೇಲಿನ ಸ್ವರದಲ್ಲಿ ಅಲ್ಲ. ‘ಓ ದುನಿಯಾ ಕೇ ರಖ್‌ವಾಲೇ’ ಕೊನೆಗೆ ಹೇಗೆ ಏರುತ್ತೆ ನಿಮಗೇ ಗೊತ್ತು. ಗಂಟಲು ಗಟ್ಟಿ ಇರೋ ಹುಡುಗ ಆರು ತಿಂಗಳು ಸಾಧನೆ ಮಾಡಿದ್ರೆ ಅಲ್ಲಿಗೆ ಮುಟ್ತಾನೆ. ಚಪ್ಪಾಳೆನೂ ಬೀಳುತ್ತೆ. ಕಷ್ಟ ಇರೋದು ‘ಚೌದ್‌ವೀ ಕಾ ಚಾಂದ್’ ಥರದ್ದರಲ್ಲಿ. ಏನೂ ಏರಲ್ಲ, ಏನೂ ಇಳಿಯಲ್ಲ, ಸುಮ್ನೆ ಮಾತಾಡಿದಂಗಿದೆ. ಆ ‘ಹೋ’ ಅನ್ನೋ ಅಕ್ಷರದಲ್ಲಿ ಒಂದು ನಗು ಇದೆ. ಅದನ್ನು ಹಾಡೋಕೆ ಹೋದ್ರೆ ನಾಟಕ ಆಗುತ್ತೆ, ಬಿಟ್ರೆ ಹಾಡು ಸಪ್ಪೆ. ನಕಲು ಮಾಡೋರೆಲ್ಲ ಸಿಕ್ಕಿಬೀಳೋದು ಅಲ್ಲೇ. ನಾನೂ ಅಷ್ಟೇ.

ಸೋನು ನಿಗಮ್ ಕಥೆ ಗೊತ್ತಿರಬಹುದು. ನಾಲ್ಕು ವರ್ಷದವನಿದ್ದಾಗ ಅಪ್ಪನ ಜೊತೆ ಸ್ಟೇಜ್ ಹತ್ತಿ ಹಾಡಿದ್ದೇ ರಫಿ ಹಾಡು, ‘ಕ್ಯಾ ಹುವಾ ತೇರಾ ವಾದಾ’. ಹದಿನೆಂಟಕ್ಕೆ ಮುಂಬೈಗೆ ಬಂದ. ರಫಿ ವರ್ಷನ್‌ಗಳು ಅವನ ಅನ್ನ. ಆ ಕ್ಯಾಸೆಟ್‌ಗಳಲ್ಲಿ ಅವನು ಎಲ್ಲಿದ್ದಾನೆ ಅಂತ ಹುಡುಕಬೇಕು, ರಫಿಯ ಕೋಟು ಹಾಕ್ಕೊಂಡು ಕೂತಿದ್ದಾನೆ. ಆ ಕೋಟು ಬಿಚ್ಚೋಕೆ ಅವನಿಗೆ ವರ್ಷಗಳೇ ಹಿಡಿದವು. 2006ರ ಕೊನೆಗೆ ‘ಮುಂಗಾರು ಮಳೆ’ಯಲ್ಲಿ ‘ಅನಿಸುತಿದೆ’ ಬಂತಲ್ಲ, ಮನೋಮೂರ್ತಿ ಸಂಗೀತ, ಜಯಂತ ಕಾಯ್ಕಿಣಿ ಸಾಹಿತ್ಯ. ಅದರಲ್ಲಿ ರಫಿಯ ನೆರಳೂ ಇಲ್ಲ. ಆದರೆ ಅಕ್ಷರವನ್ನು ಮೆತ್ತಗೆ ಬಿಡೋ ಆ ಅಭ್ಯಾಸ ಎಲ್ಲಿಂದ ಬಂತು ಅಂತ ನಮ್ಮಂಥವರಿಗೆ ಕೇಳಿಸುತ್ತೆ.

2008ರಲ್ಲಿ ‘ರಫಿ ರಿಸರೆಕ್ಟೆಡ್’ ಅಂತ ಒಂದು ಬಂತು. ಎರಡು ಸಿಡಿ, 16 ಹಾಡು. ಹಾಡಿದ್ದು ಸೋನು, ಜೊತೆಗೆ ಇಂಗ್ಲೆಂಡಿನ ಸಿಟಿ ಆಫ್ ಬರ್ಮಿಂಗ್‌ಹ್ಯಾಮ್ ಸಿಂಫನಿ ಆರ್ಕೆಸ್ಟ್ರಾ. ಲಂಡನ್, ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್‌ನಲ್ಲಿ ಶೋನೂ ಆಯ್ತು. ನಾನು ಕೇಳಿದೀನಿ. ಪಿಟೀಲುಗಳು ಸಮುದ್ರದಂಗೆ ಬರ್ತವೆ, ಮೈ ಜುಂ ಅನ್ನುತ್ತೆ. ಆದರೆ ನನಗೆ ಎರಡು ಹಾಡಾದ ಮೇಲೆ ಹೊಟ್ಟೆ ತುಂಬಿತು. ಹೋಳಿಗೆ ಮೇಲೆ ತುಪ್ಪ ಸರಿ, ತುಪ್ಪದಲ್ಲೇ ಹೋಳಿಗೆ ಮುಳುಗಿಸಿದಂಗೆ.

ಒಂದೇ ಒಂದು ಹೇಳು ಅಂದ್ರೆ ನಾನು ಲತಾ ಅವರ ‘ಶ್ರದ್ಧಾಂಜಲಿ’ ಹೇಳ್ತೀನಿ. 1992ರದ್ದು, ಎರಡು ಭಾಗ. ಸೈಗಲ್, ಪಂಕಜ್ ಮಲ್ಲಿಕ್, ಗೀತಾ ದತ್, ಮುಕೇಶ್, ರಫಿ, ಕಿಶೋರ್, ಹೇಮಂತ್ ಕುಮಾರ್, ಇವರ ಹಾಡುಗಳನ್ನು ಲತಾ ಹಾಡಿದ್ದಾರೆ. ಅವರು ಯಾರ ದನಿಯನ್ನೂ ನಕಲು ಮಾಡಲಿಲ್ಲ. ಮಾಡೋ ಅಗತ್ಯನೂ ಇರಲಿಲ್ಲ. ಗಂಡಸರ ಹಾಡು ಹೆಂಗಸಿನ ಗಂಟಲಿಗೆ ಬಂದಾಗ ನಕಲಿನ ಮಾತೇ ಬರಲ್ಲ ನೋಡಿ. ಹಾಡು ಬೇರೆ, ಹಾಡಿದವರು ಬೇರೆ ಅಂತ ಅಲ್ಲಿ ಗೊತ್ತಾಗುತ್ತೆ. ಮುಕೇಶ್ 1976ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಹೋದಾಗ ಲತಾ ಜೊತೆಗೇ ಟೂರಿನಲ್ಲಿದ್ದರು. ಅಂಥವರ ಹಾಡನ್ನು ಆಕೆ ಹಾಡೋದು ಅಂದ್ರೆ ಬೇರೆ ಲೆಕ್ಕ.

ಅಂದಹಾಗೆ ಅಮ್ಮನಿಗೆ ರಫಿಯ ಕನ್ನಡ ಹಾಡು ಕೇಳಿಸಿದ್ರಾ? ‘ನೀನೆಲ್ಲಿ ನಡೆವೆ ದೂರ’, 1967ರ ‘ಒಂದೇ ಬಳ್ಳಿಯ ಹೂಗಳು’, ಸತ್ಯಂ ಸಂಗೀತ. ಅದಕ್ಕೆ ವರ್ಷನ್ ಕ್ಯಾಸೆಟ್ ಇರಲ್ಲ ಅಂದ್ಕೊಂಡಿದೀನಿ, ಬೈಯಲ್ಲ ಅವರು.


ಸೋಲ್ಡರ್_ಅಕ್ಕ ಬರೆದದ್ದು:

ಹಾಡಿನ ವಿಷಯ ನನಗೆ ಅಷ್ಟಕ್ಕಷ್ಟೇ. ಉಡುಪಿಯಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುವವಳು, ಅದನ್ನು ಮಾತ್ರ ಹೇಳುತ್ತೇನೆ. ದಯವಿಟ್ಟು ಆ ಕ್ಯಾಸೆಟನ್ನು ಇನ್ನೊಮ್ಮೆ ವಾಕ್‌ಮನ್‌ಗೆ ಹಾಕಬೇಡಿ. ಸೆಲೊ ಟೇಪಿನ ಅಂಟು ಇಷ್ಟು ವರ್ಷಕ್ಕೆ ಹೊರಗೆ ಒಸರಿರುತ್ತದೆ. ಅದು ಸುರುಳಿಯ ಪಕ್ಕದ ಸುತ್ತಿಗೂ ಅಂಟುತ್ತದೆ, ಟೇಪಿನಿಂದ ಸದ್ದು ಓದುವ ಹೆಡ್ಡಿಗೂ ಅಂಟುತ್ತದೆ. ಎಳೆದರೆ ಇನ್ನೊಂದು ಸಾಲು ಹೋದೀತು, ಆಮೇಲೆ ನಿಮ್ಮ ತಾಯಿ ಅದನ್ನೂ ಬಿಟ್ಟು ಹಾಡಬೇಕಾದೀತು.

ಐದು ಸ್ಕ್ರೂ ಇದ್ದದ್ದು ಒಳ್ಳೆಯದಾಯಿತು. ಬಿಚ್ಚಿ. ಒಳಗೆ ತಾಮ್ರದ ಪಟ್ಟಿಯ ಮೇಲೆ ಒಂದು ಸಣ್ಣ ಉಣ್ಣೆ ಬಟ್ಟೆಯ ತುಂಡು ಇರಬೇಕು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಅದು ಬಿದ್ದುಹೋದರೆ ನೀವು ಹೇಳಿದ ಹಾಗೆ ಮಣ್ಣಿನೊಳಗಿನ ದನಿ ಬರುತ್ತದೆ. ಬೇರೆ ಬೇಡದ ಕ್ಯಾಸೆಟ್ಟಿನಿಂದ ಅದನ್ನು ತೆಗೆದು ಹಾಕಿ, ಇಲ್ಲವಾದರೆ ಎರಡೂ ಸುರುಳಿಯನ್ನೇ ಹೊಸ ಡಬ್ಬಿಗೆ ಇಡಿ. ಹಳೇ ಸೆಲೊ ಟೇಪ್ ಕಿತ್ತು, ಟೇಪ್ ಜೋಡಿಸುವುದಕ್ಕೆಂದೇ ಬರುವ ಪಟ್ಟಿಯನ್ನು ಹಿಂಬದಿಗೆ ಹಾಕಿ, ಹೆಡ್ ಮುಟ್ಟುವ ಬದಿಗೆ ಅಲ್ಲ.

ವಾಕ್‌ಮನ್ ಬೇಡ, ಒಂದು ಡೆಕ್, ಅಂದರೆ ದೊಡ್ಡ ಕ್ಯಾಸೆಟ್ ಪ್ಲೇಯರ್, ಹುಡುಕಿ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರುವ ಒಂದು ಸಣ್ಣ ಸ್ಕ್ರೂ ಕಾಣುತ್ತದೆ. ಹಾಡು ಓಡುವಾಗಲೇ ಅದನ್ನು ಕೂದಲೆಳೆಯಷ್ಟು ತಿರುಗಿಸಿ, ತಾಳದ ಸದ್ದು ಎಲ್ಲಿ ಚುರುಕಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಿ. ಆಮೇಲೆ ಡೆಕ್ಕಿನ ಹಿಂದಿನ ಲೈನ್ ಔಟ್‌ನಿಂದ ಕಂಪ್ಯೂಟರಿಗೆ ತುಂಬಿಸಿ, ಆಡಾಸಿಟಿ ಅನ್ನುವ ಸಾಫ್ಟ್‌ವೇರ್ ಸಾಕು. ಒಮ್ಮೆ ತುಂಬಿಸಿಕೊಂಡ ಮೇಲೆ ಕ್ಯಾಸೆಟನ್ನು ನೆಮ್ಮದಿಯಿಂದ ಮಲಗಲು ಬಿಡಿ.


ಗಿರಣಿಚಾಳ_ಹುಡುಗ ಬರೆದದ್ದು:

ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ಸೋಲ್ಡರ್ ಅಕ್ಕ ಹೇಳಿದ್ದು ಅಷ್ಟೂ ನಿಜ. ಉಣ್ಣೆಯ ತುಂಡು ಡಬ್ಬಿಯ ಮೂಲೆಯಲ್ಲಿ ಬಿದ್ದಿತ್ತು. ಅಪ್ಪ ಅಂಟಿಸಿದ್ದ ಸೆಲೊ ಟೇಪ್ ಜೇನುತುಪ್ಪದ ಬಣ್ಣಕ್ಕೆ ತಿರುಗಿತ್ತು. ಬಿಡಿಸುವಾಗ ಕೈ ನಡುಗಿತು. ಕತ್ತರಿಸಿದ್ದು ಮಾತ್ರ ಫಿಟ್ಟರ್ ಕತ್ತರಿಸಿದ ಹಾಗೇ ಇತ್ತು, ಸರಿಯಾಗಿ ಓರೆಯಾಗಿ, ಎರಡೂ ತುದಿ ಕೂಡುವ ಹಾಗೆ. ಹೊಸ ಡಬ್ಬಿಗೆ ಹಾಕಿ, ಗೆಳೆಯನ ಮಾವನ ಹತ್ತಿರ ಇದ್ದ ಡೆಕ್ಕಿನಲ್ಲಿ ಎರಡೂ ಸೈಡ್ ತುಂಬಿಸಿಕೊಂಡೆ. ಏನು ದನಿ ಅಂತೀರಿ! ಕೀಬೋರ್ಡಿನ ಕೊಳಲು ಎಡಗಡೆ, ಆಕ್ಟೋಪ್ಯಾಡ್ ಬಲಗಡೆ, ಚೊಕ್ಕವಾಗಿ ಬೇರೆ ಬೇರೆ.

ಅವ್ವನಿಗೆ ಹಚ್ಚಿ ಕೊಟ್ಟೆ. ಕೇಳಿದಳು. ಪೀಪಿ ಇಲ್ಲ. ಹಾರಿಹೋದ ಅರ್ಧ ಸಾಲು ಹಾರಿಯೇ ಇದೆ. ತಲೆ ಆಡಿಸಿದಳು. ಆದರೂ ಮುಖದಲ್ಲಿ ಏನೋ ಕಸಿವಿಸಿ.

“ಹಾಡ ನಮ್ಮದಽ. ದನಿ ಯಾಕ ಇಷ್ಟು ದಪ್ಪ ಆಗೈತಿ? ನೆಗಡಿ ಆದಾಂಗ.”

ನನಗೆ ತಲೆ ಬುಡ ತಿಳಿಯಲಿಲ್ಲ. ಸೋಲ್ಡರ್ ಅಕ್ಕನಿಗೆ ಮೆಸೇಜ್ ಹಾಕಿದೆ. ಕ್ಯಾಸೆಟ್ ಓಡಬೇಕಾದ್ದು ಸೆಕೆಂಡಿಗೆ 4.76 ಸೆಂಟಿಮೀಟರ್. ನಿಮ್ಮ ಟೂ-ಇನ್-ಒನ್‌ನ ಮೋಟಾರು ಜೋರಾಗಿ ಓಡುತ್ತಿರಬೇಕು ಅಂದರು. ಹಾಗಾದರೆ ಹಾಡು ಬೇಗ ಮುಗಿಯುತ್ತದೆ, ದನಿಯೂ ಸಣ್ಣಗಾಗುತ್ತದೆ. ಅಂದ್ರೆ ನಾವು ಕೇಳುತ್ತಿದ್ದುದು ರಫಿಯೂ ಅಲ್ಲ, ಆ ಹಾಡಿದವನ ನಿಜವಾದ ದನಿಯೂ ಅಲ್ಲ. ಓಟಕ್ಕೆ ಬಿದ್ದ ದನಿ. ಮೂಗಿನ ದನಿ ಅಂತ ನಾನು ಹೇಳಿದ್ದೂ ಅದೇ ಇರಬೇಕು. ವಾಕ್‌ಮನ್‌ನಲ್ಲಿ ಮೂರು ಸಾಲು ಕೇಳಿದೆ, ಉಳಿದದ್ದೆಲ್ಲ ನನ್ನ ತಲೆಯೊಳಗಿನ ಟೂ-ಇನ್-ಒನ್ ಹಾಡಿತು.

ಆಡಾಸಿಟಿಯಲ್ಲಿ ವೇಗ ಬದಲಾಯಿಸುವ ಒಂದು ಗುಂಡಿ ಇದೆ. ಅಡುಗೆಮನೆ ಕಟ್ಟೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಎರಡು ಪರ್ಸೆಂಟ್ ಜಾಸ್ತಿ ಮಾಡಿದೆ. “ಇನ್ನಷ್ಟು” ಅಂದಳು. ಆರು ಮಾಡಿದೆ. “ಅಯ್ಯ, ಇದು ಹುಡುಗರ ದನಿ.” ನಾಲ್ಕಕ್ಕೆ ತಂದೆ. ಏನೂ ಹೇಳಲಿಲ್ಲ. ಹಿಟ್ಟು ನಾದುವುದು ನಿಲ್ಲಿಸಿ ಕೇಳಿದಳು, ಎರಡನೇ ಚರಣ ಬಂದಾಗ ಜೊತೆಗೆ ಹಾಡಿದಳು, ಅರ್ಧ ಸಾಲು ಬಿಟ್ಟು.

ಈಗ ಎಲ್ಲಾ ಎಂಟೂ ಹಾಡನ್ನು ನಾಲ್ಕು ಪರ್ಸೆಂಟ್ ಓಡಿಸಿ ಪೆನ್‌ಡ್ರೈವ್‌ಗೆ ಹಾಕಿದ್ದೇನೆ. ಕಾರವಾನ್‌ಗೇ ಚುಚ್ಚಿದ್ದೇನೆ. ಒಳಗಿರುವ 5000 ಹಾಡು ನನಗೆ, ಈ ಎಂಟು ಅವ್ವನಿಗೆ.

ಹಳೇ ಕೌಂಟರ್ ಸರ್, ಹಾಡಿದವರ ಹೆಸರು ಇನ್ನೂ ಸಿಕ್ಕಿಲ್ಲ. ವೇಗ ಸರಿ ಮಾಡಿದ ಪ್ರತಿಯನ್ನು ನಿಮಗೆ ಕಳಿಸಿದ್ದೇನೆ, ನಮ್ಮ ಲೆಕ್ಕದ ಸರಿ ಅಲ್ಲ, 4.76ರ ಲೆಕ್ಕದ್ದು. ಕೇಳಿ ಹೇಳಿ. ಮಂದ್ರಸಪ್ತಕ ಸರ್, ಒರಿಜಿನಲ್ಲನ್ನು ನಾನು ದಿನಾ ಕೇಳುತ್ತಿದ್ದೇನೆ, ಬಸ್ಸಿನಲ್ಲಿ ಹೋಗುವಾಗ ಇಯರ್‌ಫೋನ್ ಹಾಕಿಕೊಂಡು. ಪೀಪಿ ಚೆನ್ನಾಗಿದೆ.